ಮೊದಲು ಲೆಕ್ಕ ಕೊಡಿ, ಆಮೇಲೆ ಡಾಲರ್ ಕೇಳಿ: ಲೆಬನಾನ್ ಸಂಸತ್ತಿಗೆ ಒಂದು ಬಹಿರಂಗ ಪತ್ರ

ಲೆಬನಾನ್ ಸಂಸತ್ತಿನ 128 ಸದಸ್ಯರಿಗೆ,

ನಮಸ್ಕಾರ. ಪತ್ರ ಕನ್ನಡದಲ್ಲಿದೆ, ನಿಮಗೆ ಓದಲು ಬರುವುದಿಲ್ಲ ಅಂತ ಗೊತ್ತು. ಇದನ್ನು ಓದುವವರು ಉಡುಪಿ, ಮಂಗಳೂರು, ಭಟ್ಕಳ, ಬೆಂಗಳೂರು ಕಡೆಯವರು. ಅವರಲ್ಲೂ ಎಷ್ಟೋ ಜನ ನನ್ನ ಹಾಗೆ ಗಲ್ಫ್‌ನಲ್ಲಿ ಕೂತು ತಿಂಗಳು ತಿಂಗಳು ಮನೆಗೆ ದುಡ್ಡು ಕಳಿಸುವವರು. ಆದರೂ ವಿಳಾಸ ನಿಮ್ಮದೇ ಇರಲಿ. ಕೇಳಬೇಕಾದ ಪ್ರಶ್ನೆಗೆ ಉತ್ತರ ಇರುವುದು ನಿಮ್ಮ ಹತ್ತಿರ. ನಮ್ಮವರು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಲಿ, ತಪ್ಪೇನಿಲ್ಲ.

ನಾನು ಉಡುಪಿ ಕಡೆಯವನು. ದುಬೈಯಲ್ಲಿ ಒಂದು ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಇಲ್ಲಿಗೆ ಬರುವ ಮೊದಲು ಊರಿನಲ್ಲಿ ಒಬ್ಬ ಸಿಎ ಹತ್ತಿರ ಕೆಲಸಕ್ಕಿದ್ದೆ. ಆಡಿಟ್‌ಗೆ ಅಂತ ಸೊಸೈಟಿ, ಗೇರುಬೀಜದ ಫ್ಯಾಕ್ಟರಿ, ಅಕ್ಕಿ ಮಿಲ್ಲು ಸುತ್ತಿದ್ದೇನೆ. ಈಗ ನನ್ನ ಎದುರು ಟೇಬಲ್ಲಿನಲ್ಲಿ ಕೂರುವವರು ನಿಮ್ಮ ದೇಶದವರು, ಟ್ರಿಪೋಲಿ ಕಡೆಯವರು. ಲಿಬಿಯಾದ ಟ್ರಿಪೋಲಿ ಅಲ್ಲ, ನಿಮ್ಮದೇ ಉತ್ತರದ ಟ್ರಿಪೋಲಿ. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಎಂಜಿನಿಯರು, ತುಂಬಾ ಲೆಕ್ಕಾಚಾರದ ಮನುಷ್ಯ. ಒಂದು ದಿರ್ಹಮ್ ಪಾರ್ಕಿಂಗ್ ಚೀಟಿಯನ್ನೂ ಎಸೆಯದೆ ಕ್ಲೇಮ್‌ಗೆ ಇಟ್ಟುಕೊಳ್ಳುತ್ತಾರೆ. ಇಂಥವರು ತಮ್ಮ ದುಡಿಮೆಯ ದೊಡ್ಡ ಪಾಲನ್ನು ಬೈರೂತಿನ ಬ್ಯಾಂಕೊಂದರಲ್ಲಿ ಇಟ್ಟಿದ್ದರು. ಬ್ಯಾಂಕಿನ ಹೆಸರು ಬೇಡ. ಹೆಸರು ಯಾವುದಾದರೂ ಕತೆ ಅದೇ.

ನಾನು ಹೇಳಬೇಕಾಗಿರುವುದು ಒಂದೇ ಮಾತು. ಹೊರದೇಶದಲ್ಲಿರುವ ನಿಮ್ಮ ಜನರಿಂದ ಮತ್ತೆ ದುಡ್ಡು ಕೇಳುವ ಮೊದಲು ಹಳೆಯ ಲೆಕ್ಕ ಮುಂದಿಡಿ. ಅಂದಾಜು ಪಟ್ಟಿ ತೋರಿಸಿ ಕೈ ತೊಳೆದುಕೊಳ್ಳಬೇಡಿ. ಯಾರ ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಯಾರು ಸಹಿ ಹಾಕಿದರು, ಆ ಲೆಕ್ಕ ಬೇಕು.

ಮೊದಲು ನಮ್ಮ ಓದುಗರಿಗೆ ಸ್ವಲ್ಪ ಹಿನ್ನೆಲೆ. ಲೆಬನಾನ್ ಪುಟ್ಟ ದೇಶ. ಹತ್ತು ಸಾವಿರ ಚದರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಅಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಷ್ಟು. ಒಳಗಿರುವವರಿಗಿಂತ ಹೊರಗಿರುವ ಲೆಬನಾನ್ ಮೂಲದವರೇ ಜಾಸ್ತಿ. ಬ್ರೆಜಿಲ್, ಪಶ್ಚಿಮ ಆಫ್ರಿಕಾ, ಆಸ್ಟ್ರೇಲಿಯಾ, ಕೆನಡಾ, ಗಲ್ಫ್, ಎಲ್ಲೆಂದರಲ್ಲಿ ಇದ್ದಾರೆ. ಇವರು ಕಳಿಸುವ ಹಣ ವರ್ಷಕ್ಕೆ 600 ಕೋಟಿ ಡಾಲರಿನ ಆಸುಪಾಸು. ಭಾರತಕ್ಕೆ ಬರುವ ಮೊತ್ತದ ಮುಂದೆ ಇದು ಏನೂ ಅಲ್ಲ. ನಮ್ಮವರು ವರ್ಷಕ್ಕೆ ಹತ್ತು ಸಾವಿರ ಕೋಟಿ ಡಾಲರ್ ದಾಟಿಸುತ್ತಾರೆ. ಆದರೆ ಭಾರತದ ಆರ್ಥಿಕತೆಯಲ್ಲಿ ಅದರ ಪಾಲು ಶೇಕಡ 3ರ ಆಸುಪಾಸು. ಬಿಕ್ಕಟ್ಟಿನ ನಂತರದ ಲೆಬನಾನಿನಲ್ಲಿ ಅದು ಮೂರನೇ ಒಂದು ಭಾಗದ ಹತ್ತಿರ. ಮನೆಯಲ್ಲಿ ಯಾರಾದರೂ ಒಬ್ಬರು ಹೊರಗಿದ್ದರೆ ಒಲೆ ಉರಿಯುತ್ತದೆ, ಇಲ್ಲದಿದ್ದರೆ ಕಷ್ಟ.

ಈಗ ನಿಮಗೆ, ಸ್ವಾಮಿ.

1997ರಿಂದ ಒಂದು ಡಾಲರಿಗೆ 1,507.5 ಲೆಬನಾನಿ ಪೌಂಡ್ ಅಂತ ನಿಮ್ಮ ಕೇಂದ್ರ ಬ್ಯಾಂಕು ದರ ಕಟ್ಟಿ ಹಾಕಿತು. ಇಪ್ಪತ್ತೆರಡು ವರ್ಷ ಅದು ಅಲ್ಲಾಡಲಿಲ್ಲ. ಅಲ್ಲಾಡದಂತೆ ಇಡಲು ಡಾಲರ್ ಬೇಕು, ಬರುತ್ತಲೇ ಇರಬೇಕು. ರಫ್ತು ಮಾಡಿ ತರುವಷ್ಟು ಸರಕು ನಿಮ್ಮಲ್ಲಿ ಇರಲಿಲ್ಲ. ಹಾಗಾಗಿ ಹೊರಗಿನ ಮಕ್ಕಳ ಉಳಿತಾಯವನ್ನೇ ಬಡ್ಡಿ ಆಸೆ ತೋರಿಸಿ ಕರೆದಿರಿ. 2019ರ ಹೊತ್ತಿಗೆ ಡಾಲರ್ ಠೇವಣಿಗೆ ಸರಾಸರಿ ಶೇಕಡ 6ಕ್ಕಿಂತ ಜಾಸ್ತಿ ಬಡ್ಡಿ. ದೊಡ್ಡ ಮೊತ್ತ ತಂದವರಿಗೆ ಇನ್ನೂ ಜಾಸ್ತಿ. ಅದೇ ಡಾಲರನ್ನು ಅಮೆರಿಕದ ಸರ್ಕಾರಿ ಬಾಂಡಿನಲ್ಲಿ ಹಾಕಿದ್ದರೆ ಅದರ ಅರ್ಧವೂ ಸಿಗುತ್ತಿರಲಿಲ್ಲ. ನಮ್ಮ ಎಂಜಿನಿಯರ್ ಸಾಹೇಬರು ಆಗ ನನಗೂ ಹೇಳಿದ್ದರು, ನಿಮ್ಮ ದುಡ್ಡೂ ಅಲ್ಲೇ ಇಡಿ ಅಂತ. ಅವರಿಗೆ ಬ್ಯಾಂಕ್ ಮ್ಯಾನೇಜರ್ ಹೇಳಿದ ಮಾತು ಇಷ್ಟೇ ಅಂತೆ: ಅಂತರ್ಯುದ್ಧದ ಹದಿನೈದು ವರ್ಷದಲ್ಲೂ ನಾವು ಒಬ್ಬ ಗ್ರಾಹಕನ ದುಡ್ಡೂ ಮುಳುಗಿಸಿಲ್ಲ. ನಂಬದೆ ಇರುವುದು ಹೇಗೆ ಹೇಳಿ?

ಹೀಗೆ ಬಂದ ದುಡ್ಡು ಏನಾಯಿತು? ಬ್ಯಾಂಕುಗಳು ಅದನ್ನು ಉದ್ಯಮಕ್ಕೋ ಕೃಷಿಗೋ ಕೊಟ್ಟಿದ್ದು ಕಡಿಮೆ. ದೊಡ್ಡ ಪಾಲನ್ನು ಕೇಂದ್ರ ಬ್ಯಾಂಕಿಗೇ ಇನ್ನೂ ಜಾಸ್ತಿ ಬಡ್ಡಿಗೆ ಕೊಟ್ಟವು, ಉಳಿದದ್ದರಲ್ಲಿ ಸರ್ಕಾರದ ಬಾಂಡ್ ಕೊಂಡವು. ಕೇಂದ್ರ ಬ್ಯಾಂಕು ಅದನ್ನು ಪೌಂಡಿನ ದರ ಹಿಡಿದು ನಿಲ್ಲಿಸಲು ಸುರಿಯಿತು. ಸರ್ಕಾರ ಸಂಬಳಕ್ಕೆ, ಹಳೆಯ ಸಾಲದ ಬಡ್ಡಿಗೆ, ವಿದ್ಯುತ್ ಸಂಸ್ಥೆಯ ನಷ್ಟಕ್ಕೆ ಸುರಿಯಿತು. ಆ ವಿದ್ಯುತ್ ಸಂಸ್ಥೆಯ ಕತೆ ಬೇರೆಯೇ ಇದೆ. ವರ್ಷಕ್ಕೆ 150ರಿಂದ 200 ಕೋಟಿ ಡಾಲರ್ ನುಂಗುತ್ತಿತ್ತು, ಆದರೂ ಬೀದಿ ಬೀದಿಗೆ ಜನರೇಟರ್ ಮಾಲೀಕರು ವೈರ್ ಎಳೆದು ಬಿಲ್ ವಸೂಲಿ ಮಾಡುತ್ತಿದ್ದರು. ಲೋಡ್ ಶೆಡ್ಡಿಂಗ್ ಕಂಡ ನಮಗೂ ಇದು ಸ್ವಲ್ಪ ಅತಿ ಅನ್ನಿಸುತ್ತದೆ.

ಹಳಬರಿಗೆ ಬಡ್ಡಿ ಕೊಡಲು ಹೊಸಬರ ಠೇವಣಿ ಬರಬೇಕು, ಬರದಿದ್ದರೆ ಗಾಡಿ ನಿಂತಿತು. ವಿಶ್ವಬ್ಯಾಂಕು 2022ರಲ್ಲಿ ಇದನ್ನು ಪಾಂಜಿ ಅಂತಲೇ ಕರೆಯಿತು. ಅಷ್ಟು ದೊಡ್ಡ ಸಂಸ್ಥೆ ಒಂದು ದೇಶದ ಹಣಕಾಸಿಗೆ ಆ ಪದ ಬಳಸುವುದು ಸಾಮಾನ್ಯ ಸಂಗತಿ ಅಲ್ಲ.

ಇದನ್ನೆಲ್ಲ ಯಾರಾದರೂ ನೋಡಬೇಕಿತ್ತಲ್ವಾ? ನೋಡಬೇಕಾದವರು ನೀವೇ. 2005ರಿಂದ 2017ರವರೆಗೆ ಲೆಬನಾನ್ ಸಂಸತ್ತು ಒಂದೇ ಒಂದು ಬಜೆಟ್ ಪಾಸು ಮಾಡಲಿಲ್ಲ. ನಮ್ಮ ಓದುಗರು ಇದನ್ನು ಇನ್ನೊಮ್ಮೆ ಓದಬೇಕು. ಹನ್ನೆರಡು ವರ್ಷ, ಬಜೆಟ್ಟೇ ಇಲ್ಲದ ಸರ್ಕಾರ. ಹಳೆಯ ಬಜೆಟ್ಟನ್ನು ಹನ್ನೆರಡು ಭಾಗ ಮಾಡಿ ತಿಂಗಳಿಗೊಂದು ಭಾಗ ಖರ್ಚು ಮಾಡುವ ಒಂದು ತಾತ್ಕಾಲಿಕ ನಿಯಮ ಇದೆ. ಅದು ಇರುವುದು ಜನವರಿ ಒಂದು ತಿಂಗಳು ದಾಟಿಸಲು. ಅದನ್ನೇ ಎಳೆದು ಎಳೆದು ಹನ್ನೆರಡು ವರ್ಷ ಹೊದ್ದುಕೊಂಡಿರಿ. ಮೇಲೆ ಬೇಕಾದಾಗ ಮುಂಗಡ ಅಂತ ಬರೆದು ತೆಗೆದಿರಿ. ನಿಮ್ಮ ಸಂವಿಧಾನದ 87ನೇ ವಿಧಿ ಸ್ಪಷ್ಟವಾಗಿದೆ: ಮುಗಿದ ವರ್ಷದ ಅಂತಿಮ ಲೆಕ್ಕಕ್ಕೆ ಸಂಸತ್ತು ಒಪ್ಪಿಗೆ ಕೊಡಬೇಕು, ಅದಾಗದೆ ಅದರ ನಂತರದ ಎರಡನೇ ವರ್ಷದ ಬಜೆಟ್ ಜಾರಿಯಾಗುವಂತಿಲ್ಲ. 2017ರ ಅಕ್ಟೋಬರಿನಲ್ಲಿ ಕೊನೆಗೂ ಬಜೆಟ್ ಪಾಸಾದಾಗ ಈ ಲೆಕ್ಕವನ್ನು ಪಕ್ಕಕ್ಕೆ ಸರಿಸಿ ಪಾಸು ಮಾಡಿದಿರಿ. ನಮ್ಮ ಊರಿನ ಹಾಲಿನ ಸೊಸೈಟಿ ಕೂಡ ವಾರ್ಷಿಕ ಮಹಾಸಭೆಯಲ್ಲಿ ಜಮಾ ಖರ್ಚು ಓದದೆ ಎದ್ದು ಹೋಗಲು ಆಗುವುದಿಲ್ಲ. ಸದಸ್ಯರು ಬಿಡುವುದಿಲ್ಲ. ಬೋನಸ್ ಎಷ್ಟು ಅಂತ ಕೇಳದೆ ಯಾರೂ ಉಪ್ಪಿಟ್ಟಿಗೆ ಏಳುವುದಿಲ್ಲ.

ನನಗೆ ಅನ್ನಿಸುವುದು ಇದು, ನೀವು ಒಪ್ಪದೆ ಇರಬಹುದು. ಲೆಕ್ಕ ಇಲ್ಲದೆ ಇಷ್ಟು ವರ್ಷ ನಡೆಯಲು ಸಾಧ್ಯ ಆಗಿದ್ದೇ ಹೊರಗಿನವರ ದುಡ್ಡಿನಿಂದ. ಸರ್ಕಾರ ತೆರಿಗೆ ಜಾಸ್ತಿ ಮಾಡಲು ಹೊರಟಿದ್ದರೆ ಜನ ಕಾಲರ್ ಹಿಡಿದು ಕೇಳುತ್ತಿದ್ದರು. ಡಾಲರ್ ಸುಮ್ನೆ ಹರಿದು ಬರುತ್ತಿತ್ತು, ಕೇಳುವವರು ಇರಲಿಲ್ಲ. ಕೊಟ್ಟವನು ಅಬುಧಾಬಿಯಲ್ಲೋ ಅಬಿಜಾನಿನಲ್ಲೋ ಸಿಡ್ನಿಯಲ್ಲೋ ಇದ್ದ. ಅವನಿಗೆ ಬಡ್ಡಿ ಬರುತ್ತಿದೆ, ಊರಲ್ಲಿ ಅಮ್ಮನಿಗೆ ಔಷಧಿಗೆ ಆಗುತ್ತಿದೆ, ಅಷ್ಟು ಸಾಕಿತ್ತು. ಅವನ ನಂಬಿಕೆಯ ಮೇಲೆ ನೀವು ಚಾಪೆ ಹಾಸಿ ಮಲಗಿದಿರಿ.

2015ರ ಹೊತ್ತಿಗೆ ಡಾಲರ್ ಬರುವುದು ಕಡಿಮೆಯಾಗಲು ಶುರುವಾಯಿತು. ಪಕ್ಕದ ಸಿರಿಯಾದಲ್ಲಿ ಯುದ್ಧ, ತೈಲದ ಬೆಲೆ ಇಳಿದು ಗಲ್ಫ್‌ನಲ್ಲಿ ಸಂಬಳ ಬಿಗಿ. 2016ರಲ್ಲಿ ಕೇಂದ್ರ ಬ್ಯಾಂಕು 'ಫೈನಾನ್ಷಿಯಲ್ ಎಂಜಿನಿಯರಿಂಗ್' ಅಂತ ದೊಡ್ಡ ಹೆಸರಿಟ್ಟು ಒಂದು ವ್ಯವಸ್ಥೆ ಮಾಡಿತು. ಬ್ಯಾಂಕುಗಳು ಹೊರಗಿನಿಂದ ಡಾಲರ್ ತಂದುಕೊಟ್ಟರೆ ಅವಕ್ಕೆ ಭಾರೀ ಲಾಭ. ಆ ವರ್ಷ ಬ್ಯಾಂಕುಗಳ ಲಾಭ ನೋಡಿ ಎಲ್ಲರೂ ಭೇಷ್ ಅಂದರು. 1993ರಿಂದ ಕುರ್ಚಿಯಲ್ಲಿದ್ದ ಗವರ್ನರ್ ರಿಯಾದ್ ಸಲಾಮೆಗೆ ಅದಕ್ಕೂ ಮುಂಚೆಯೇ ಜಗತ್ತಿನ ಶ್ರೇಷ್ಠ ಗವರ್ನರ್ ಅಂತ ಪ್ರಶಸ್ತಿಗಳು ಬಂದಿದ್ದವು.

2019ರ ಅಕ್ಟೋಬರ್ 17ರಂದು ಜನ ಬೀದಿಗಿಳಿದರು. ಬ್ಯಾಂಕುಗಳು ಎರಡು ವಾರ ಬಾಗಿಲು ಹಾಕಿದವು. ತೆರೆದಾಗ ಡಾಲರ್ ಇಲ್ಲ. ಮುಂದಿನ ಮಾರ್ಚ್‌ನಲ್ಲಿ ಸರ್ಕಾರ 120 ಕೋಟಿ ಡಾಲರಿನ ಬಾಂಡ್ ತೀರಿಸದೆ ಕೈ ಎತ್ತಿತು, ದೇಶದ ಇತಿಹಾಸದಲ್ಲೇ ಮೊದಲ ಸಲ. ಇಂಥ ಹೊತ್ತಿನಲ್ಲಿ ಯಾವ ದೇಶವಾದರೂ ಮೊದಲು ಮಾಡುವ ಕೆಲಸ ಅಂದರೆ ದುಡ್ಡು ಹೊರಗೆ ಹೋಗದಂತೆ ಕಾನೂನು ತರುವುದು. ನೀವು ತರಲಿಲ್ಲ. ಒಂದಲ್ಲ ಎರಡಲ್ಲ, ಎಷ್ಟು ಕರಡು ಬಂದು ಹೋದವೋ. ಕಾನೂನು ಇಲ್ಲದ ಕಾರಣ ಬ್ಯಾಂಕಿನವರೇ ತಮಗೆ ತೋಚಿದಂತೆ ನಿಯಮ ಮಾಡಿಕೊಂಡರು. ಸಾಮಾನ್ಯನಿಗೆ ಕಿಟಕಿ ಮುಚ್ಚಿತ್ತು, ಬೇಕಾದವರಿಗೆ ಹಿಂದಿನ ಬಾಗಿಲು ತೆರೆದಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ನಮ್ಮಲ್ಲಿ ಗಾದೆ ಇದೆ. ನೀವು ಆ ಬಾಗಿಲನ್ನೂ ಹಾಕಲಿಲ್ಲ.

ಇನ್ನು ಆಡಿಟ್ ವಿಷಯ. ಇದು ನನ್ನ ಕಸುಬು, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಆಡಿಟ್‌ಗೆ ಹೋದವನು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುವುದು ಎರಡು. ತಿಜೋರಿ ತೆರೆಯಿರಿ, ನಗದು ಎಣಿಸಬೇಕು. ಬ್ಯಾಂಕಿನಿಂದ ಬ್ಯಾಲೆನ್ಸ್ ದೃಢೀಕರಣ ಪತ್ರ ತರಿಸಿ. ಒಮ್ಮೆ ಒಂದು ಹಳ್ಳಿ ಸೊಸೈಟಿಗೆ ಹೋದಾಗ ಗುಮಾಸ್ತರು ಬಾಳೆಹಣ್ಣು, ಬನ್ಸು, ಚಹಾ ಎಲ್ಲ ತರಿಸಿ ಬಹಳ ಪ್ರೀತಿಯಿಂದ ಮಾತಾಡಿಸಿದರು, ಮಳೆಯ ವಿಷಯ ಹೇಳಿದರು, ಅಡಿಕೆ ರೇಟಿನ ವಿಷಯ ಹೇಳಿದರು, ಕೊನೆಗೆ ಬೀಗದ ಕೈ ಅಧ್ಯಕ್ಷರ ಹತ್ತಿರ ಇದೆ, ಅವರು ಮದುವೆಗೆ ಹೋಗಿದ್ದಾರೆ ಅಂದರು. ನನ್ನ ಸೀನಿಯರ್ ಏನೂ ಮಾತಾಡದೆ ಹೊರಗೆ ಬೆಂಚಿನ ಮೇಲೆ ಕೂತರು. ಸಂಜೆ ತನಕ ಕೂತರು. ಬೀಗದ ಕೈ ಬಂತು. ಪೆಟ್ಟಿಗೆಯಲ್ಲಿ ಇರಬೇಕಾದಷ್ಟು ದುಡ್ಡು ಇರಲಿಲ್ಲ.

ನಿಮ್ಮಲ್ಲಿ ಆಗಿದ್ದು ಇದೇ, ಮೊತ್ತ ಮಾತ್ರ ಬೇರೆ. 2020ರಲ್ಲಿ ನಿಮ್ಮ ಸರ್ಕಾರ ಕೇಂದ್ರ ಬ್ಯಾಂಕಿನ ಫೊರೆನ್ಸಿಕ್, ಅಂದರೆ ಅಕ್ರಮ ಹುಡುಕುವ, ಆಡಿಟ್‌ಗೆ ಆಲ್ವಾರೆಜ್ ಅಂಡ್ ಮಾರ್ಸಲ್ ಅನ್ನುವ ಕಂಪನಿಯನ್ನು ನೇಮಿಸಿತು. ಅವರು ಕೇಳಿದ ಮಾಹಿತಿಯಲ್ಲಿ ಅರ್ಧವನ್ನೂ ಕೇಂದ್ರ ಬ್ಯಾಂಕು ಕೊಡಲಿಲ್ಲ. ಕೊಡದೆ ಇರಲು ತೋರಿಸಿದ ಕಾರಣ 1956ರ ಬ್ಯಾಂಕ್ ರಹಸ್ಯ ಕಾನೂನು. ನವೆಂಬರಿನಲ್ಲಿ ಆ ಕಂಪನಿ ನಮಸ್ಕಾರ ಹೇಳಿ ಎದ್ದು ಹೋಯಿತು. ಡಿಸೆಂಬರಿನಲ್ಲಿ ನೀವು ಒಂದು ವರ್ಷದ ಮಟ್ಟಿಗೆ ರಹಸ್ಯ ಸಡಿಲಿಸಿದಿರಿ, ಸರ್ಕಾರ ಮತ್ತೆ ಕರೆಯಿತು, ವರದಿ ಬಂದಿದ್ದು 2023ರ ಆಗಸ್ಟಿನಲ್ಲಿ. ಆ ಹೊತ್ತಿಗೆ ಸಲಾಮೆ ಮೂವತ್ತು ವರ್ಷ ಪೂರೈಸಿ ಕುರ್ಚಿ ಬಿಟ್ಟು ಒಂದೆರಡು ವಾರ ಆಗಿತ್ತು, ಅಷ್ಟೇ.

ವರದಿಯಲ್ಲಿ ಏನಿತ್ತು? 2015ರ ಕೊನೆಗೆ ಕೇಂದ್ರ ಬ್ಯಾಂಕಿನ ಹತ್ತಿರ ವಿದೇಶಿ ಹಣದ ಲೆಕ್ಕದಲ್ಲಿ ಸುಮಾರು 720 ಕೋಟಿ ಡಾಲರ್ ಮಿಗತೆ ಇತ್ತು. ಐದೇ ವರ್ಷದಲ್ಲಿ, 2020ರ ಕೊನೆಗೆ, ಅದು ಸುಮಾರು 5,070 ಕೋಟಿ ಡಾಲರ್ ಕೊರತೆ. ಬ್ಯಾಲೆನ್ಸ್ ಶೀಟಿನಲ್ಲಿ ಇದು ಕಾಣದಂತೆ ನಷ್ಟವನ್ನು ಆಸ್ತಿ ಅಂತ ತೋರಿಸುವ ಕಲೆ ಬೇರೆ. ಸುಮಾರು 11 ಕೋಟಿ ಡಾಲರಿಗಿಂತ ಜಾಸ್ತಿ ಕಮಿಷನ್ ಅಕ್ರಮವಾಗಿ ಹೋಗಿರುವ ಗುರುತು ಸಿಕ್ಕಿತು. ಪಡೆದವರು ಯಾರು ಅನ್ನುವ ಕಡೆ ಮತ್ತೆ ರಹಸ್ಯ ಅಡ್ಡ ಬಂತು. ಸಲಾಮೆಯನ್ನು 2024ರ ಸೆಪ್ಟೆಂಬರ್ 3ರಂದು ಬಂಧಿಸಲಾಯಿತು, ವರ್ಷದ ಮೇಲೆ ಜಾಮೀನಿನಲ್ಲಿ ಬಿಡುಗಡೆ ಆಯಿತು. ಅವರು ಆರೋಪಗಳನ್ನು ಒಪ್ಪಿಲ್ಲ. ಅದನ್ನು ಕೋರ್ಟು ನೋಡಿಕೊಳ್ಳಲಿ. ನನ್ನ ತಕರಾರು ಒಬ್ಬ ಮನುಷ್ಯನ ಮೇಲಲ್ಲ. ಮೂವತ್ತು ವರ್ಷ ಒಬ್ಬರೇ ಪೆಟ್ಟಿಗೆ ಹಿಡಿದುಕೊಂಡು ಕೂತಿದ್ದಾಗ ಬೆಂಚಿನ ಮೇಲೆ ಸಂಜೆ ತನಕ ಕೂರಬೇಕಾದವರು ನೀವಿದ್ದಿರಿ. ಕೂರಲಿಲ್ಲ.

ಹೊರಗಿನವರ ದುಡ್ಡು ಕರಗಿದ್ದು ಹೇಗೆ ಅಂತ ನಮ್ಮವರಿಗೆ ಒಂದು ಲೆಕ್ಕ ತೋರಿಸುತ್ತೇನೆ. ಖಾತೆಯಲ್ಲಿ 100 ಡಾಲರ್ ಇದೆ. ಡಾಲರಾಗಿ ಕೊಡುವುದಿಲ್ಲ, ಪೌಂಡಿನಲ್ಲಿ ಬೇಕಾದರೆ ತಗೋ ಅಂದರು. ದರ ಎಷ್ಟು? 3,900. 2021ರಲ್ಲಿ ಹೊರಗೆ ಪೇಟೆಯಲ್ಲಿ ಡಾಲರ್ 15,000 ದಾಟಿದಾಗಲೂ ಬ್ಯಾಂಕಿನ ಕಿಟಕಿಯಲ್ಲಿ ಅದೇ 3,900. ಅಂದರೆ 100 ಡಾಲರ್ ತೆಗೆದರೆ ಕೈಗೆ ಬಂದಿದ್ದು 26 ಡಾಲರ್ ಬೆಲೆಯ ನೋಟು. ಉಳಿದ 74 ಎಲ್ಲಿ ಹೋಯಿತು ಅಂತ ಪಾಸ್‌ಬುಕ್ಕಿನಲ್ಲಿ ಬರೆದಿರುವುದಿಲ್ಲ. ಇದು ಆಸ್ತಿ ಮುಟ್ಟುಗೋಲು, ಅದಕ್ಕೊಂದು ಕಾನೂನು ಇಲ್ಲ, ಆದೇಶ ಹೊರಡಿಸಿದ ಕೋರ್ಟು ಇಲ್ಲ, ಕೇಂದ್ರ ಬ್ಯಾಂಕಿನ ಒಂದು ಸುತ್ತೋಲೆ ಅಷ್ಟೇ. ಆಮೇಲೆ ಇನ್ನೊಂದು ಸುತ್ತೋಲೆ ಬಂತು, ತಿಂಗಳಿಗೆ 400 ಡಾಲರ್ ನಗದು ಕೊಡುತ್ತೇವೆ ಅಂತ. 2022ರ ಸೆಪ್ಟೆಂಬರಿನಲ್ಲಿ ಬೈರೂತಿನ ಒಬ್ಬ ಹೆಣ್ಣುಮಗಳು ತಂಗಿಯ ಕ್ಯಾನ್ಸರ್ ಚಿಕಿತ್ಸೆಗೆ ತನ್ನದೇ ಮನೆಯವರ ಠೇವಣಿ ತೆಗೆಯಲು ಆಟಿಕೆ ಪಿಸ್ತೂಲು ಹಿಡಿದು ಬ್ಯಾಂಕಿಗೆ ನುಗ್ಗಿದಳು. ಹದಿಮೂರು ಸಾವಿರ ಡಾಲರಿನಷ್ಟು ತೆಗೆದುಕೊಂಡು ಹೋದಳು. ಊರಿಗೆ ಊರೇ ಅವಳ ಪರ ನಿಂತಿತು.

ಠೇವಣಿ ವಿಮೆ ಇದೆಯಲ್ಲ ಅಂತ ಯಾರಾದರೂ ಕೇಳಬಹುದು. ಇದೆ. 7.5 ಕೋಟಿ ಪೌಂಡ್ ತನಕ. ಹಳೆಯ ದರದಲ್ಲಿ ಅದು ಸುಮಾರು 50,000 ಡಾಲರ್. ಈಗ ಡಾಲರಿಗೆ 89,500 ಪೌಂಡ್, ಹಾಗಾಗಿ ಆ ವಿಮೆ 840 ಡಾಲರ್ ಕೂಡ ಆಗುವುದಿಲ್ಲ. ನಾವೇನೂ ದೊಡ್ಡ ಸಾಚಾಗಳಲ್ಲ ಬಿಡಿ. ದಿನಕ್ಕೆ ಎರಡಾಣೆ ಪಿಗ್ಮಿ ಕಟ್ಟಿಸಿಕೊಂಡು ಬ್ಯಾಂಕು ಬೆಳೆಸಿದ ಜಿಲ್ಲೆಯವನು ನಾನು, ಆದರೆ ಅದೇ ರಾಜ್ಯದ ರಾಜಧಾನಿಯಲ್ಲಿ 2020ರ ಜನವರಿಯಲ್ಲಿ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿ 35,000 ರೂಪಾಯಿಗಿಂತ ಜಾಸ್ತಿ ತೆಗೆಯುವಂತಿಲ್ಲ ಅಂದಾಗ ಬಸವನಗುಡಿ ಕಡೆಯ ಪೆನ್ಷನ್‌ದಾರರು ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಂತಿದ್ದನ್ನು ನೋಡಿದ್ದೇವೆ. ಐದು ಲಕ್ಷದ ತನಕ ವಿಮೆ ಹಣ ಬೇಗ ಬರುವಂತೆ ಕಾನೂನು ತಿದ್ದಿದ್ದು 2021ರಲ್ಲಿ. ಅದಕ್ಕೂ ಮೇಲೆ ಇಟ್ಟವರ ಗೋಳು ಬೇರೆ. ಆದರೂ ಅಲ್ಲಿ ಹೊರಗಿನಿಂದ ನೋಡುವ ಒಂದು ಕಣ್ಣು ಇತ್ತು, ತಡವಾದರೂ ಇತ್ತು. ನಿಮ್ಮಲ್ಲಿ ನೋಡಬೇಕಾದ ಕೇಂದ್ರ ಬ್ಯಾಂಕೇ ಆಟಗಾರ ಆಗಿತ್ತು.

ಇಷ್ಟೆಲ್ಲ ಆದ ಮೇಲೂ ಹೊರಗಿನವರು ಕಳಿಸುವುದನ್ನು ನಿಲ್ಲಿಸಲಿಲ್ಲ. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನಲ್ಲಿ ಸ್ಫೋಟವಾದಾಗ ಸರ್ಕಾರಕ್ಕಿಂತ ಮೊದಲು ಗಾಜು, ಬಾಗಿಲು, ಔಷಧಿಗೆ ದುಡ್ಡು ಬಂದಿದ್ದು ಇವರಿಂದ. ಆದರೆ ದಾರಿ ಬದಲಾಯಿತು. ಈಗ ಬ್ಯಾಂಕಿನ ಮೂಲಕ ಯಾರು ಕಳಿಸುತ್ತಾರೆ? ನಮ್ಮ ಸಾಹೇಬರು ಊರಿಗೆ ಹೊರಡುವ ವಾರ ಎಕ್ಸ್‌ಚೇಂಜ್ ಅಂಗಡಿಯಲ್ಲಿ ನಿಂತು ನೂರರ ನೋಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಾರೆ. ನೀಲಿ ಪಟ್ಟಿ ಇರುವ ಹೊಸ ನೋಟೇ ಬೇಕು. ಹಳೆಯ ಬಿಳಿ ನೋಟು ಕೊಟ್ಟರೆ ಅಲ್ಲಿ ಅಂಗಡಿಯವರು ಮೂಗು ಮುರಿಯುತ್ತಾರೆ, ಇಲ್ಲವೇ ಬೆಲೆ ಕಡಿಮೆ ಮಾಡುತ್ತಾರೆ. ಮೂಲೆ ಮಡಿಸಿದ್ದರೆ, ಪೆನ್ನಿನ ಗೀಟು ಇದ್ದರೆ ವಾಪಸ್ ಕೊಡುತ್ತಾರೆ. ಅಂಗಡಿಯ ಹುಡುಗ ಮಲಯಾಳಿ, ಇವರನ್ನು ಕಂಡ ಕೂಡಲೇ ಹೊಸ ಕಟ್ಟು ಬಿಚ್ಚುತ್ತಾನೆ. ಆಮೇಲೆ ಆ ನೋಟುಗಳು ಸೂಟ್‌ಕೇಸಿನಲ್ಲಿ ರಕ್ತದೊತ್ತಡದ ಮಾತ್ರೆ, ಮಕ್ಕಳ ಹಾಲಿನ ಪುಡಿಯ ಜೊತೆ ಸೇರುತ್ತವೆ.

ಇದರ ಪರಿಣಾಮ ನೋಡಿ. 2022ರಲ್ಲಿ ಲೆಬನಾನಿನ ಡಾಲರ್ ನಗದು ವ್ಯವಹಾರ ಸುಮಾರು 990 ಕೋಟಿ ಡಾಲರ್, ದೇಶದ ಆರ್ಥಿಕತೆಯ ಹತ್ತಿರ ಹತ್ತಿರ ಅರ್ಧ, ಅಂತ ವಿಶ್ವಬ್ಯಾಂಕ್ ಅಂದಾಜು ಮಾಡಿತು. ನಗದು ಜಾಸ್ತಿ ಆದಷ್ಟೂ ಕಪ್ಪು ಬಿಳುಪು ಗೊತ್ತಾಗುವುದಿಲ್ಲ. 2024ರ ಅಕ್ಟೋಬರಿನಲ್ಲಿ ಅಕ್ರಮ ಹಣ ತಡೆಯುವ ಅಂತರರಾಷ್ಟ್ರೀಯ ಪಡೆ ಎಫ್‌ಎಟಿಎಫ್ ನಿಮ್ಮನ್ನು ಗ್ರೇ ಲಿಸ್ಟಿಗೆ, ಅಂದರೆ ಹೆಚ್ಚು ನಿಗಾ ಇಡಬೇಕಾದ ದೇಶಗಳ ಪಟ್ಟಿಗೆ, ಹಾಕಿತು. ಈಗ ನ್ಯಾಯವಾಗಿ ದುಡಿದು ಕಳಿಸುವವರಿಗೂ ಇಲ್ಲಿನ ಬ್ಯಾಂಕಿನಲ್ಲಿ ನೂರೆಂಟು ಪ್ರಶ್ನೆ. ಅದು ಅವರ ತಪ್ಪಾ?

ಅದರ ಮೇಲೆ ಇಸ್ರೇಲ್ ಜೊತೆಗಿನ 2024ರ ಯುದ್ಧ. ಮರುನಿರ್ಮಾಣಕ್ಕೆ 1,100 ಕೋಟಿ ಡಾಲರ್ ಬೇಕು ಅಂತ ವಿಶ್ವಬ್ಯಾಂಕು 2025ರಲ್ಲಿ ಹೇಳಿತು. ಹಾಗಾಗಿ ಹೊರಗಿನ ಮಕ್ಕಳೇ ಬನ್ನಿ, ಹೂಡಿಕೆ ಮಾಡಿ, ನಾಡು ಕಟ್ಟಿ ಅನ್ನುವ ಭಾಷಣ ಮತ್ತೆ ಶುರುವಾಗಿದೆ. ಅಧ್ಯಕ್ಷ ಜೋಸೆಫ್ ಔನ್, ಪ್ರಧಾನಿ ನವಾಫ್ ಸಲಾಮ್ ಬಂದ ಮೇಲೆ ಒಂದಷ್ಟು ಒಳ್ಳೆಯ ಕೆಲಸ ಆಗಿದೆ, ಅದನ್ನು ಇಲ್ಲ ಅನ್ನಬಾರದು. ಕೇಂದ್ರ ಬ್ಯಾಂಕಿಗೆ ಹೊಸ ಗವರ್ನರ್ ಬಂದರು. 2025ರ ಏಪ್ರಿಲಿನಲ್ಲಿ ನೀವೇ ಬ್ಯಾಂಕ್ ರಹಸ್ಯ ಕಾನೂನು ತಿದ್ದಿ ಹತ್ತು ವರ್ಷ ಹಿಂದಿನ ತನಕ ಖಾತೆ ನೋಡುವ ಅಧಿಕಾರ ಕೊಟ್ಟಿರಿ. ಅದು ದೊಡ್ಡ ಹೆಜ್ಜೆ.

ಅದೇ ವರ್ಷದ ಡಿಸೆಂಬರಿನಲ್ಲಿ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟು ನಿಮ್ಮ ಕಡೆ ದಾಟಿಸಿತು. ನಷ್ಟ ಯಾರು ಎಷ್ಟು ಹೊರಬೇಕು ಅಂತ ಹಂಚುವ ಮಸೂದೆ. ಒಂದು ಲಕ್ಷ ಡಾಲರ್ ತನಕ ಇದ್ದವರಿಗೆ ನಾಲ್ಕು ವರ್ಷದಲ್ಲಿ ವಾಪಸ್, ಅದಕ್ಕಿಂತ ಜಾಸ್ತಿ ಇದ್ದವರಿಗೆ ಉಳಿದ ಮೊತ್ತಕ್ಕೆ ದೀರ್ಘ ಅವಧಿಯ ಬಾಂಡ್. ಸಣ್ಣವರನ್ನು ಮೊದಲು ಉಳಿಸುವುದು ಸರಿ. ಬಿಕ್ಕಟ್ಟಿನ ಹೊತ್ತಿನಲ್ಲಿ ಹೊರಗೆ ಸಾಗಿಸಿದ ದೊಡ್ಡ ಮೊತ್ತಗಳನ್ನು ಹಿಡಿಯುವ ಮಾತೂ ಅದರಲ್ಲಿದೆ. ಆದರೆ ಆರು ವರ್ಷ ಕಳೆದಿದೆ. ಆ ಪಟ್ಟಿ ಯಾರ ಹತ್ತಿರ ಇದೆ? ಸಾಗಿಸಿಕೊಟ್ಟ ಬ್ಯಾಂಕುಗಳ ಹತ್ತಿರವೇ ಇದೆ. ಅವರೇ ಕೊಡುತ್ತಾರೆ ಅಂತ ಕಾಯುತ್ತೀರಾ? ನಷ್ಟ ಹಂಚುವ ಮೊದಲು ನಷ್ಟ ಎಷ್ಟು ಅಂತ ಒಂದೊಂದು ಬ್ಯಾಂಕಿನ ಪುಸ್ತಕ ತೆರೆದು ಹೊರಗಿನ ಆಡಿಟರ್ ಸಹಿ ಹಾಕಲಿ. ಕೇಂದ್ರ ಬ್ಯಾಂಕಿನ ಆಡಿಟ್ 2020ಕ್ಕೆ ನಿಂತಿದೆ, ಅದರ ಮುಂದಿನ ವರ್ಷಗಳದ್ದೂ ಆಗಲಿ. ಸಬ್ಸಿಡಿ ಹೆಸರಿನಲ್ಲಿ ಪೆಟ್ರೋಲ್, ಔಷಧಿ, ಗೋಧಿಗೆ ಅಂತ ಆಮದುದಾರರಿಗೆ ಕೊಟ್ಟ ಡಾಲರ್ ಯಾವ ಕಂಪನಿಗೆ ಎಷ್ಟು ಹೋಯಿತು ಅನ್ನುವ ಪಟ್ಟಿಯೂ ಬರಲಿ, ಯಾಕೆಂದರೆ ಅದೂ ಠೇವಣಿದಾರರ ಡಾಲರೇ. ಸರ್ಕಾರ ತನ್ನ ಅಂತಿಮ ಲೆಕ್ಕಗಳನ್ನು 87ನೇ ವಿಧಿ ಹೇಳಿದಂತೆ ನಿಮ್ಮ ಮುಂದೆ ಇಡಲಿ, ಇಡದ ಬಜೆಟ್ಟಿಗೆ ನೀವು ಕೈ ಎತ್ತಬೇಡಿ. ಇದಕ್ಕೆಲ್ಲ ಹೊಸ ಕಾನೂನೂ ಬೇಡ, ಇರುವುದೇ ಸಾಕು.

ಕೆಲವರು ಬಂಗಾರ ಮಾರಿ ತೀರಿಸಿ ಅನ್ನುತ್ತಾರೆ. ನಿಮ್ಮ ಹತ್ತಿರ 286 ಟನ್ ಬಂಗಾರ ಇದೆ, 1986ರ ಕಾನೂನಿನ ಪ್ರಕಾರ ಮಾರುವಂತಿಲ್ಲ. ಲೆಕ್ಕ ಕೈಗೆ ಬರುವ ತನಕ ಅದನ್ನು ಮುಟ್ಟದೆ ಇರುವುದೇ ಲೇಸು. ನಾವೂ 1991ರಲ್ಲಿ ಬಂಗಾರ ಅಡ ಇಟ್ಟವರೇ. ಆಗ ಹೊರಗಿನ ಭಾರತೀಯರು ಹೆದರಿ ಠೇವಣಿ ತೆಗೆಯುತ್ತಿದ್ದರು. ಏಳು ವರ್ಷದ ಮೇಲೆ, 1998ರಲ್ಲಿ ಅಣುಪರೀಕ್ಷೆ ಮಾಡಿ ನಿರ್ಬಂಧ ಹಾಕಿಸಿಕೊಂಡಾಗ, ಅದೇ ಜನರಿಗೆ ರಿಸರ್ಜೆಂಟ್ ಇಂಡಿಯಾ ಬಾಂಡ್ ಮಾರಿದೆವು, 420 ಕೋಟಿ ಡಾಲರ್ ಬಂತು. 2003ರಲ್ಲಿ ಅವಧಿ ಮುಗಿದಾಗ ಬಡ್ಡಿ ಸಮೇತ ವಾಪಸ್ ಹೋಯಿತು. ಒಂದು ದಿನವೂ ತಡ ಆಗಲಿಲ್ಲ. 2013ರಲ್ಲಿ ರೂಪಾಯಿ ಕುಸಿದಾಗ ಮತ್ತೆ ಕೇಳಿದೆವು, ಮತ್ತೆ ಬಂತು. ದೇಶಪ್ರೇಮದ ಭಾಷಣಕ್ಕೆ ಬಂದ ದುಡ್ಡು ಅಂತ ಯಾರೂ ತಿಳಿಯಬಾರದು. ನಮ್ಮ ಮಂಗಳೂರಿನವರು ಮೊದಲು ಕೇಳುವುದು ಬಡ್ಡಿ ಎಷ್ಟು, ಯಾವಾಗ ವಾಪಸ್ ಅಂತ.

ಇನ್ನೊಂದು ವಿಷಯ ಇದೆ, ಮತದ್ದು. 2017ರ ಚುನಾವಣಾ ಕಾನೂನಿನಲ್ಲಿ ಹೊರಗಿನವರಿಗೆ ಆರು ಸೀಟು ಬೇರೆ ಮಾಡಿ ಇಟ್ಟಿರಿ. 2022ರ ಚುನಾವಣೆಗೆ ಅದನ್ನು ತಡೆಹಿಡಿದು 128 ಸೀಟಿಗೂ ಅವರವರ ಊರಿನ ಅಭ್ಯರ್ಥಿಗೆ ಮತ ಹಾಕಲು ಬಿಟ್ಟಿರಿ. ಎರಡು ಲಕ್ಷಕ್ಕಿಂತ ಜಾಸ್ತಿ ಜನ ಹೆಸರು ಬರೆಸಿದರು. ನಮ್ಮ ಸಾಹೇಬರು ದುಬೈಯ ಮೇ ತಿಂಗಳ ಬಿಸಿಲಿನಲ್ಲಿ ಕಾನ್ಸುಲೇಟ್ ಮುಂದೆ ಸಾಲಿನಲ್ಲಿ ನಿಂತು ಹಾಕಿ ಬಂದರು, ಶಾಯಿ ಹಚ್ಚಿದ ಬೆರಳನ್ನು ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದರು. ಹಳೆಯ ಪಕ್ಷಗಳ ಹೊರಗಿನ ಒಂದಷ್ಟು ಹೊಸ ಮುಖಗಳು ಗೆದ್ದಿದ್ದರಲ್ಲಿ ಈ ಮತಗಳ ಪಾತ್ರ ಇತ್ತು. ಆಮೇಲೆ 2025ರ ಪೂರ್ತಿ ನೀವು ಕಚ್ಚಾಡಿದ್ದು ಇವರನ್ನು ಮತ್ತೆ ಆರು ಸೀಟಿಗೆ ತಳ್ಳಬೇಕೋ ಬೇಡವೋ ಅಂತ. ಅವರ ಡಾಲರ್ ಇಡೀ ದೇಶಕ್ಕೆ ಬೇಕು, ಮತ ಮಾತ್ರ ಆರಕ್ಕೆ ಸಾಕಾ? ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ. ಈ ವಿಷಯದಲ್ಲಿ ನಮ್ಮ ಸರ್ಕಾರಕ್ಕೂ ಒಂದು ಮಾತು ಸೇರಿಸಿಬಿಡುತ್ತೇನೆ, ನಮ್ಮವರು ಹೇಗೂ ಓದುತ್ತಿದ್ದಾರೆ. ನಮಗೆ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಲು 2010ರ ತಿದ್ದುಪಡಿಯಿಂದ ಅವಕಾಶ ಇದೆ, ಆದರೆ ಮತ ಹಾಕಲು ಟಿಕೆಟ್ ತೆಗೆದು ಊರಿಗೇ ಬರಬೇಕು. ನಿಮ್ಮವರು ಕನಿಷ್ಠ ಕಾನ್ಸುಲೇಟಿನ ಮುಂದೆ ನಿಲ್ಲುತ್ತಾರೆ.

ನಮ್ಮ ಗಲ್ಫ್ ಜನರಿಗೆ ಒಂದೆರಡು ಮಾತು. ಲೆಬನಾನ್ ಕತೆ ಓದಿ ಹೆದರಿ ಎಲ್ಲವನ್ನೂ ತೆಗೆದು ಜಾಗ ಕೊಳ್ಳಲು ಓಡಬೇಡಿ. ಆದರೆ ಪಕ್ಕದ ಬ್ಯಾಂಕಿಗಿಂತ ಎರಡು ಮೂರು ಶೇಕಡ ಜಾಸ್ತಿ ಬಡ್ಡಿ ಕೊಡುವ ಸೊಸೈಟಿ ಕಂಡಾಗ ಅದರ ಆಡಿಟ್ ವರದಿ ಕೇಳಿ. ಕೊಡಲು ತಡವರಿಸಿದರೆ ಬನ್ಸು ತಿಂದು ಎದ್ದು ಬನ್ನಿ.

ಮಾನ್ಯ ಸದಸ್ಯರೇ, ಎಂಜಿನಿಯರ್ ಸಾಹೇಬರನ್ನು ಕೇಳಿದೆ, ನಾಳೆ ನಿಮ್ಮ ಸರ್ಕಾರ ಬಾಂಡ್ ಹೊರಡಿಸಿದರೆ ಕೊಳ್ಳುತ್ತೀರಾ ಅಂತ. ಅವರು ಬೈಯಲಿಲ್ಲ, ನಗಲಿಲ್ಲ. ಕೊಳ್ಳುತ್ತೇನೆ ಅಂದರು, ಊರು ನನ್ನದೇ ತಾನೆ. ಆದರೆ ಹಿಂದೆ ಇಟ್ಟಿದ್ದು ಯಾರ ಕೈಗೆ ಹೋಯಿತು ಅಂತ ಹೆಸರು ಸಮೇತ ಒಂದು ಹಾಳೆಯಲ್ಲಿ ಬರೆದು ಕೊಡಲಿ, ಆ ಹಾಳೆಯ ಮೇಲೆ ಸಂಸತ್ತಿನ ಮುದ್ರೆ ಇರಲಿ ಅಂದರು. ಆ ಹಾಳೆಯನ್ನು ತಯಾರು ಮಾಡುವ ಅಧಿಕಾರ ಇವತ್ತಿಗೆ ನಿಮ್ಮ ಕೈಯಲ್ಲಿದೆ. ಆಡಿಟ್ ಮುಗಿದು ವರದಿ ಬಹಿರಂಗ ಆಗುವ ತನಕ ಹೊರಗಿನವರಿಗೆ ಅಂತ ಯಾವ ಹೊಸ ಬಾಂಡನ್ನೂ, ಯಾವ ಹೊಸ ನಿಧಿಯನ್ನೂ ಶುರು ಮಾಡುವುದಿಲ್ಲ ಅಂತ ಆ ನಷ್ಟ ಹಂಚುವ ಮಸೂದೆಯ ಮೊದಲ ಪುಟದಲ್ಲೇ ಒಂದು ಸಾಲು ಸೇರಿಸಿ.

ಇಂತಿ,
ದುಬೈಯಲ್ಲಿರುವ ಉಡುಪಿ ಕಡೆಯ ಒಬ್ಬ ಅಕೌಂಟೆಂಟ್